ಎರಡು ಗೀಟು

ಬಾವುಟಗುಡ್ಡೆಯ ಕೆಳಗೆ, ಅದಾಲತ್ತಿನ ಜಗಲಿಯಾಚೆ
ನನ್ನ ಮಣೆ, ಮಸಿಕುಡಿಕೆ, ಒಂದು ತಾಳೆಗರಿಯ ಕೊಡೆ.
ಸಾಲಪತ್ರ, ಗೇಣಿಚೀಟು, ಅಣ್ಣತಮ್ಮಂದಿರ ಬೇಲಿ ತಕರಾರು:
ಸಾಲಿಗೆ ಒಂದು ಕಾಸು.

ಕಚೇರಿಯ ಗಂಟೆ ಬಾರಿಸುವ ಮೊದಲೇ ಬಂದಳು.
ಬಂದಳೆನ್ನಲೇ? ದೂರದ ಗೋಳಿಮರದ ಬುಡದಲ್ಲಿ ನಿಂತಳು,
ಅಲ್ಲಿಂದೀಚೆಗೆ ಅವಳ ನೆರಳೂ ಬರಬಾರದು.
ಕೂಗಿ ಕೇಳಿದೆ. ಹೆಸರು? ತನಿಯಾರು.
ಹುಟ್ಟಿದ್ದು? ಅದೇ, ಶನಿವಾರ.
ಯಾವ ಶನಿವಾರ, ಯಾರೂ ಬರೆದಿಡಲಿಲ್ಲ.

ಬರೆದಿಟ್ಟದ್ದು ಬೇರೆ. ಧಣಿಯ ಕಡೆಯವರು ತಂದ ಓಲೆ:
ಮೂರು ಮುಡಿ ಬಿತ್ತನೆಯ ಬೈಲುಗದ್ದೆ,
ಹಲಸು ಎರಡು, ಬಾವಿಯಲ್ಲಿ ಅರ್ಧ,
ಹೆಣ್ಣಾಳು ಒಂದು, ಅದರ ಹುಟ್ಟುವಳಿ ಸಹಿತ.
ಅಕ್ಷರ ದುಂಡಗಿತ್ತು. ನಾನೇ ಬರೆದದ್ದಿರಬಹುದು;
ಕೈಬರಹ ನೋಡಿ ನಾಚಿದವ ಹೊಟ್ಟೆ ಹೊರೆಯಲಾರ.

ಏನು ಬೇಕು ಎಂದೆ.
ಎನ್ನ ಬಾಲೆ ಓಲುಂಡು?
ನನ್ನ ಕೂಸೆಲ್ಲಿ. ಅಷ್ಟೇ.
ಧಣಿಯ ಮಗಳ ಬಳುವಳಿಗೆ ಹೊಳೆ ದಾಟಿಸಿದ್ದಾರೆ,
ಮಂಜೇಶ್ವರದತ್ತ, ಎಮ್ಮೆಗಳ ಜೊತೆ, ದೋಣಿಯಲ್ಲಿ.
ಬೂದ. ಆರು ಮಳೆಗಾಲ. ಎಡಗಿವಿ ಹರಿದಿದೆ.

ಅರ್ಜಿಗೆ ಅದು ಹೊಂದುವುದಿಲ್ಲ. ಕಾಯಿದೆ ಹೊಸದು,
ಅದಕ್ಕೊಪ್ಪುವ ಮಾತು ಬೇಕು. ಬರೆದೆ:
ಮಹಾರಾಜಶ್ರೀ ದೊರೆಗಳ ಸನ್ನಿಧಾನಕ್ಕೆ,
ಬಡವಳಾದ ನನ್ನನ್ನು ಮೂಲದಾಳಿನ ದಾಸ್ಯದಿಂದ
ವಿಮೋಚನೆ ಮಾಡಿಸಬೇಕಾಗಿ...
ಒಳ್ಳೆಯ ಕನ್ನಡ. ಅವಳಿಗೆ ಓದಿ ಹೇಳಲಿಲ್ಲ.

ಕಾಗದ ನೆಲದ ಮೇಲಿಟ್ಟು, ಕಲ್ಲು ಹೇರಿ, ಹಿಂದೆ ಸರಿದೆ.
ನಿಶಾನಿ ಹಾಕು.
ಕಡ್ಡಿ ಅದ್ದಿ ಎಳೆದಳು: ಒಂದು ಉದ್ದ ಗೀಟು,
ಅದರ ಮಗ್ಗುಲಿಗೆ ಒಂದು ಗಿಡ್ಡ.
ಒಂದೇ ಸಾಕಿತ್ತು ಎಂದು ಗೊಣಗಿದೆ.

ನಾಲ್ಕು ತಿಂಗಳು ಕಳೆದು ದೊರೆ ನುಡಿದದ್ದನ್ನು
ಸಿರಸ್ತೇದಾರ ಕನ್ನಡಕ್ಕಿಳಿಸಿ,
ಜವಾನ ತುಳುವಿಗೆ ತಂದು
ಗೋಳಿಮರದವರೆಗೆ ಕೂಗಿದ:
ಆಳು ಎಂಬುದನ್ನು ಈ ಕೋರ್ಟು ಅರಿಯದು.
ಓಲೆ ನಡೆಯದು. ನೀನು ಹೋಗಬಹುದು.

ಅವಳು ಹೋಗಲಿಲ್ಲ.
ಹೊತ್ತು ವಾಲಿ ಮರದ ನೆರಳು ಈಚೆ ಬೆಳೆದಾಗ
ಅದರೊಳಗೆ ಸೇರಿಕೊಂಡು ಅವಳ ನೆರಳೂ
ನನ್ನ ಮಣೆ ಮುಟ್ಟಿತು.
ಮಡಿ ಕೆಟ್ಟಿತೆ, ಯಾರನ್ನು ಕೇಳಲಿ?

ಕೂಸು? ಎಂದಳು.
ಅರ್ಜಿಯಲ್ಲಿ ಕೂಸಿನ ಮಾತಿಲ್ಲ, ಎಂದೆ.
ಅದಕ್ಕೆ ಬೇರೆ ಅರ್ಜಿ. ಬೇರೆ ಮುದ್ರೆಕಾಗದ. ಎಂಟಾಣೆ.

ತೀರ್ಪಿಗೆ ಹೊಲಿದಿದ್ದ ಹಳೆಯ ಹಾಳೆ
ನನ್ನ ಮುಂದೆಯೇ ಬಿದ್ದಿತ್ತು.
ಅಲ್ಲಿಂದಲೇ ಬೆರಳು ಚಾಚಿ
ಆ ಗಿಡ್ಡ ಗೀಟನ್ನು ತೋರಿಸಿದಳು:
ಇವನನ್ನು ನಾನು ಅಂದೇ ಬರೆದಿದ್ದೆ.