ಮೂರು ನಿಮಿಷ ನಲವತ್ತು ಸೆಕೆಂಡು

ಡುಲೂತಿನಲ್ಲಿ ಡಿಸೆಂಬರು ಕಳೆದರೆ
ಎಲ್ಲ ಕಾರುಗಳದೂ ಒಂದೇ ಬಣ್ಣ.
ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು
ಬಾಗಿಲಿಗೆ, ಗಾಲಿಗೆ, ನಂಬರು ಪ್ಲೇಟಿಗೆ ಹತ್ತಿ
ಉಪ್ಪಿನಕಾಯಿ ಜಾಡಿಯ ಕಂಠದ ಹಾಗೆ ಬಿಳಿಚಿಕೊಂಡಿರುತ್ತವೆ.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ಸಾಲುಗಟ್ಟಿ ಬರುತ್ತವೆ ನಮ್ಮಲ್ಲಿಗೆ.

ನನ್ನ ಕೆಲಸ ಸುರಂಗದ ಆಚೆ ಬಾಯಲ್ಲಿ.
ಯಂತ್ರ ಮರೆತದ್ದನ್ನು ಒರೆಸುವುದು:
ಕನ್ನಡಿಯ ಬೆನ್ನಿನ ಹನಿ, ಹಿಡಿಕೆಯ ಸಂದಿನ ನೊರೆ.
ಕಾರಿಗೆ ಎರಡು ಬಟ್ಟೆ, ಇಪ್ಪತ್ತು ಸೆಕೆಂಡು.
ಟಿಪ್ಸಿನ ಡಬ್ಬಿಯೂ ಇದೆ.
ಹೆಚ್ಚಾಗಿ ಚೂಯಿಂಗ್ ಗಮ್ಮಿನ ಕಾಗದ ಬೀಳುತ್ತದೆ.

ಎಯ್ನಾರ್ ಲಾಟಿನೆನ್ ಮಾತ್ರ ಗಾಡಿ ತಂದವನಲ್ಲ.
ಎದುರು ಬದಿಯ ಫ್ಯೂನರಲ್ ಹೋಮಿನವನು.
ಕರಿಯ ಉದ್ದನೆಯ ಹೆಣದ ಗಾಡಿಯನ್ನು
ಶೆಡ್ಡಿನೊಳಗೆ, ಎರಡು ಬಕೆಟ್ಟು ಬಿಸಿನೀರಿಟ್ಟುಕೊಂಡು,
ತೊಳೆಯುತ್ತಿರಲಿಲ್ಲ ಅವನು, ಮೀಯಿಸುತ್ತಿದ್ದ.
ನೆತ್ತಿಯಿಂದ ಶುರು. ಕಿವಿ. ಕಂಕುಳು. ಕೊನೆಗೆ ಪಾದ.
‘ಬ್ರಷ್ಷಿಗೆ ಕಣ್ಣಿಲ್ಲ,’ ಅನ್ನುತ್ತಿದ್ದ, ಕಾಫಿಗೆ ಬಂದಾಗ.
‘ಕೈಗೆ ಇದೆಯೋ?’ ಗಲ್ಲಾದಿಂದ ಮರ್ಲಾ.
‘ಇವೆ. ಹತ್ತು.’

ನಾನು ಬಾಯಿ ಹಾಕಲಿಲ್ಲ.
ಆ ಕುರುಡು ಬ್ರಷ್ಷೇ ನನಗೆ ಬೇಕಾಗಿತ್ತು ಆ ವರ್ಷ.
ಪಾಳಿ ಮುಗಿದ ಮೇಲೆ ಸಿಬ್ಬಂದಿಗೆ ಒಂದು ಸಲ ಪುಕ್ಕಟೆ.
ಗೇರು ನ್ಯೂಟ್ರಲ್ಲಿಗೆ, ಕೈ ಸ್ಟಿಯರಿಂಗ್ ಬಿಟ್ಟು;
ಕೆಂಪು ನೊರೆ, ನೀಲಿ ನೊರೆ, ಆಮೇಲೆ ಕತ್ತಲು,
ಒದ್ದೆ ಚಿಂದಿಗಳು ಗಾಜಿಗೆ ಬಡಿಯುವ ಸದ್ದು.
ಇಡೀ ವಿಚ್ಛೇದನವನ್ನು ಅಲ್ಲೇ ಅತ್ತು ಮುಗಿಸಿದೆ,
ಕಂತಿನಲ್ಲಿ, ಮೂರು ನಿಮಿಷ ನಲವತ್ತು ಸೆಕೆಂಡಿನಂತೆ.
ಹೊರಗೆ ಅಷ್ಟು ನೀರು ಸುರಿವಾಗ
ಒಳಗಿನದನ್ನು ಯಾರು ಲೆಕ್ಕ ಇಡುತ್ತಾರೆ?

ಫೆಬ್ರವರಿಯಲ್ಲಿ ಅವನ ಶೆಡ್ಡಿನ ಪೈಪು ಒಡೆಯಿತು.
ಎರಡು ಗಂಟೆಗೆ ಒಂದು ಮಣ್ಣು. ಗಾಡಿಯೋ ಸುಣ್ಣ ಬಳಿದಂತೆ.
ತಲೆ ತಗ್ಗಿಸಿ ಬಂದು ಸಾಲಿನಲ್ಲಿ ನಿಂತ,
ಮಿನಿವ್ಯಾನೊಂದರ ಹಿಂದೆ.
‘ಯಾವುದು ಕೊಡಲಿ?’ ಮರ್ಲಾ ತಡವರಿಸಿದಳು,
‘ಬೇಸಿಕ್, ಡಿಲಕ್ಸ್... ರಾಯಲ್ ಅಂತ ಒಂದಿದೆ.’
ಅವನು ಹಲಗೆ ಓದಿದ, ಪೂರ್ತಿ, ಕನ್ನಡಕ ಹಾಕಿಕೊಂಡು.
‘ಮೇಣ ಬೇಡ,’ ಅಂದ.

ಈಚೆ ಬಾಯಲ್ಲಿ ಕಾದೆ.
ಹೊರಬಂತು ಗಾಡಿ, ಬಾವಿಯ ನೀರಿನಷ್ಟು ಕಪ್ಪಗೆ.
ಉಪ್ಪಿನ ಒಂದು ಗೆರೆಯೂ ಇಲ್ಲದ ಹಿಂಗಾಜು.
ಅದಕ್ಕೇ ಕಂಡಿತು,
ಒಳಗಿನಿಂದ ಊರಿದ ಒಂದು ಕೈ.
ಪುಟ್ಟದು. ಐದೂ ಬೆರಳು. ಜಿಡ್ಡು, ಬಹುಶಃ ಬಿಸ್ಕತ್ತಿನದು.

ಎಯ್ನಾರ್ ಇಳಿದು ಬಂದು ನೋಡಿದ.
‘ನಿನ್ನೆಯ ಹುಡುಗ,’ ಅಂದ. ‘ಅಜ್ಜನ ಪೆಟ್ಟಿಗೆಯ ಪಕ್ಕವೇ ಕೂರುತ್ತೇನೆಂದು
ಹಠ. ಕಾನೂನಿಲ್ಲ. ಕೂರಿಸಿಕೊಂಡೆ.’
ನನ್ನ ಕೈಯ ಬಟ್ಟೆ ತಗೊಂಡ.
ಹಿಂಬಾಗಿಲು ತೆಗೆದ. ಮಂಡಿಯೂರಿದ.
ಬಟ್ಟೆ ಗಾಜಿನ ಹತ್ತಿರ ಹೋಗಿ ನಿಂತಿತು.

‘ಇವತ್ತಿನವನು ಯಾರು?’ ಕೇಳಿದೆ, ಏನಾದರೂ ಕೇಳಬೇಕೆಂದು.
‘ಅದಿರಿನ ಹಡಗಿನಲ್ಲಿ ಅಡುಗೆಯವನಾಗಿದ್ದನಂತೆ.
ಹಿಂದೆ ಬರುವವರು ಯಾರೂ ಇಲ್ಲ.’
ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ
ಒಣಗಿದ್ದುದನ್ನು ಒಣಗಿದ್ದಂತೆಯೇ ಹಿಂದಕ್ಕೆ ಕೊಟ್ಟ.
‘ಒಬ್ಬರಾದರೂ ಇರಲಿ.’

ಆಮೇಲೆ ಬಗ್ಗಿ, ಗಾಲಿಯ ಕುಳಿಗೆ ಬೆರಳು ತೂರಿಸಿ,
ಬಿಳಿ ಹತ್ತಿದ ತುದಿಯನ್ನು ನನ್ನ ಮೂಗಿನೆದುರು ಹಿಡಿದ:
‘ನೋಡು. ನಾನು ಹೇಳಿರಲಿಲ್ಲವೇ?’
ಡಬ್ಬಿಗೆ ಎರಡು ಡಾಲರು ಹಾಕಿದ.

ಗಾಡಿ ಹೊರಡುವ ಹೊತ್ತಿಗೆ ನೆನಪಾಗಿ ಓಡಿದೆ,
ಗೇಟಿನ ಮೇಲೆ ಮಿನುಗುತ್ತಿದ್ದ
‘ಧನ್ಯವಾದ, ಮತ್ತೆ ಬನ್ನಿ’
ಸ್ವಿಚ್ಚು ಹುಡುಕಿ ಆರಿಸಿದೆ.
ಹಿಂದಿನ ಟ್ರಕ್ಕಿನವನು ಹಾರನ್ನು ಒತ್ತಿದ.
ಒತ್ತಿಕೊಳ್ಳಲಿ.