ಹೊರಗಿನಿಂದ ಜೋಡಿಸಿದ್ದು

ನಾಪೋಕ್ಲಿನ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ
ನನ್ನದೂ ಒಂದು ಹಾರ್ಡ್‌ವೇರ್ ಅಂಗಡಿ.
ಕೆಳಗೆ ಮೊಳೆ, ಸುಣ್ಣ, ಹಗ್ಗ;
ಮೇಲೆ ನಾನು, ಜುನೈದ್,
ಮತ್ತೆ ಏಳುತ್ತವೋ ಇಲ್ಲವೋ ತಿಳಿಯದ ಏಳೆಂಟು ಪೆಟ್ಟಿಗೆ.

ಮೋಂಟಯ್ಯ ಬಂದದ್ದು ಮಂಗಳವಾರ,
ಟವಲಿನಲ್ಲಿ ಸುತ್ತಿದ ಡಿಸ್ಕನ್ನು ಬಿಸಿ ಪಾತ್ರೆಯಂತೆ ಹಿಡಿದು.
"ಜೇನು ಸೊಸೈಟಿಯದ್ದು. ಕಂಪ್ಯೂಟರು ಏಳುತ್ತಿಲ್ಲ.
ಪೂರಾ ಹೊತ್ತು ತರಲು ಬಸ್ಸಲ್ಲಿ ಜಾಗ ಎಲ್ಲಿ?
ಬಿಚ್ಚಿ ಇದೊಂದನ್ನೇ ತಂದೆ."

ಮೊದಲ ತಪ್ಪು ನನ್ನದು, ಬರೆದಿಡುತ್ತೇನೆ.
ಕರೆಂಟು ಹೋಗುವ ಮೊದಲೇ ಮುಗಿಸೋಣವೆಂದು
ಬಿಲ್ಲು ಬರೆಯುವ ನನ್ನ ಕಂಪ್ಯೂಟರಿಗೇ ಚುಚ್ಚಿದೆ.
ಡಿಸ್ಕು ಒಮ್ಮೆ ಗೊರಗೊರ ಎಂದಿತು.
ಫೋಲ್ಡರುಗಳು ಬಂದವು, ಎಲ್ಲದರ ಕಾಲಬುಡದಲ್ಲೂ
ಒಂದೊಂದು ಪುಟ್ಟ ಬಾಣ.
ಕಂಡೂ ಒತ್ತಿದೆ. ಅಲ್ಲ, ಒತ್ತಿದ ಮೇಲೆ ಕಂಡೆ.
ಸಂಜೆಯೊಳಗೆ ನನ್ನ ಲೆಕ್ಕವೂ ಬಾಣ,
ಜುನೈದನ ಪೆನ್‌ಡ್ರೈವೂ ಬಾಣ,
ಅದನ್ನು ಒಯ್ದ ಟೀಚರಮ್ಮನ ಫೋನು:
"ಶಮೀನಾ, ನನ್ನ ಪ್ರಶ್ನೆಪತ್ರಿಕೆ ಎಲ್ಲಿ ಹೋಯ್ತು?"

ಬುಧವಾರ ಬುದ್ಧಿ ಬಂತು.
ಮೂಲೆಯಿಂದ ಹಳೆಯ ಯಂತ್ರವೊಂದನ್ನು ಎಳೆದೆವು,
ಕಳೆದುಕೊಳ್ಳಲು ಏನೂ ಇಲ್ಲದ್ದು.
ನೆಟ್ಟಿನ ವಯರು ಕಿತ್ತೆ. ತಾನಾಗಿ ಓಡುವುದನ್ನೆಲ್ಲ ನಿಲ್ಲಿಸಿದೆ.
ಡಿಸ್ಕನ್ನು ಹೊರಗೇ ಬಟ್ಟೆಯ ಮೇಲೆ ಮಲಗಿಸಿ
ಕೇಬಲ್ಲಿನ ತುದಿಯಿಂದ ಮಾತ್ರ ಮಾತಾಡಿಸಿದೆ.
ಅದರೊಳಗಿಂದ ನಾವು ಏಳಬಾರದು,
ನಮ್ಮೊಳಗಿಂದ ಅದನ್ನು ನೋಡಬೇಕು.

ಮೋಂಟಯ್ಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.
"ಇದು ನಮಗೆ ಗೊತ್ತಿದ್ದದ್ದೇ," ಎಂದರು.
"ತೊಂಬತ್ತೆರಡರಲ್ಲಿ ತುಡುವೆಗೆ ರೋಗ ಬಂತಲ್ಲ,
ಮರಿಗಳು ಕೋಣೆಯಲ್ಲೇ ನೀರಿನ ಚೀಲವಾದವು.
ಒಂದು ಪೆಟ್ಟಿಗೆಯ ಎರಿ ಇನ್ನೊಂದಕ್ಕೆ ಕೊಡಬೇಡಿ ಎಂದರು.
ನಾವು ಕೊಟ್ಟೆವು.
ಪಾಪ, ಬಡ ಪೆಟ್ಟಿಗೆ, ತುಪ್ಪವಿಲ್ಲ ಎಂದು ಕೊಟ್ಟೆವು.
ದಯೆಯಿಂದಲೇ ಹಬ್ಬಿತು."

ಸ್ಕ್ಯಾನು ಇರುವೆ ನಡಿಗೆಯಲ್ಲಿ ಸಾಗಿತು.
ಶೇಕಡಾ ಹನ್ನೊಂದು. ಕರೆಂಟು ಹೋಯಿತು. ಮತ್ತೆ ಸೊನ್ನೆ.
ಕೆಳಗೆ ಯಾರೋ ತಗಡು ಕತ್ತರಿಸುತ್ತಿದ್ದರು.
ಮಧ್ಯಾಹ್ನ ದಾಟಿ ಸಿಕ್ಕಿದ್ದು ಇನ್ನೂರ ಹದಿನಾಲ್ಕು,
ಹೆಸರೆಲ್ಲ ಉದ್ದುದ್ದ, ಊರಿಲ್ಲದವು.
ಅಡಗಿದ್ದ ಫೋಲ್ಡರುಗಳಿಗೆ ಒಂದು ಸಾಲು ಆಜ್ಞೆ ಟೈಪಿಸಿದೆ.
ಮಸುಕಾಗಿ ಒಂದೊಂದೇ ಮೇಲೆದ್ದವು.
ಇದ್ದವು. ಅಲ್ಲೇ ಇದ್ದವು.

ಆಗ ಜುನೈದ್: "ಅಕ್ಕಾ, ಈ ಫೈಲು ಪೂರಾ ಹಾಳು. ಅಳಿಸಲಾ?"
ತೆರೆದರೆ ಎರಡು ಚುಕ್ಕಿ ಹೊತ್ತ ಏಗಳು, ಓರೆ ಗೀಟಿನ ಏಗಳು,
ಪೌಂಡು, ಯೆನ್ನು, ಮತ್ತೆ ಏ,
ಸಾಲಿಗೆ ಸಾಲು ಹುಚ್ಚು ಹಿಡಿದ ಪುಟ.
ಹೂಂ ಅಂದೆ. ಅವನ ಬೆರಳು ಡಿಲೀಟಿನ ಮೇಲಿತ್ತು.
ಮೋಂಟಯ್ಯ ಕನ್ನಡಕ ಏರಿಸಿ ಬಗ್ಗಿದರು:
"ತಡಿ ಮಗಾ. ಅದು ನಾನು ಟೈಪಿಸಿದ್ದು.
ಕನ್ನಡ."

ಹಳೆಯ ನುಡಿ ಫಾಂಟು ಹುಡುಕಿ ಹಾಕಿದೆ.
ಅಕ್ಷರಗಳು ನೆಟ್ಟಗೆ ಕೂತವು, ಬಸ್ಸಲ್ಲಿ ಸೀಟು ಸಿಕ್ಕವರ ಹಾಗೆ.
ಚೆಟ್ಟಿಮಾನಿ, ಬೆಳ್ಳಿಯಪ್ಪ, ಪೆಟ್ಟಿಗೆ ಇಪ್ಪತ್ತೆರಡು. ಈಗ ಖಾಲಿ.
ಅಯ್ಯಂಗೇರಿ, ದೇವಕ್ಕಿ, ಒಂಬತ್ತು. ಖಾಲಿ.
ಚೇರಂಗಾಲ, ಮೋಂಟಯ್ಯ, ಮೂವತ್ತೊಂದು.
ಒಂದು ಉಳಿದಿದೆ. ಸಿಡುಕಿನ ಹುಳ.
ಯಾರೂ ಹತ್ತಿರ ಹೋಗಿರಲಿಲ್ಲ.

"ಈಗ ನಮ್ಮಲ್ಲಿರುವುದೆಲ್ಲ ಅದರ ಸಂತಾನ,"
ಎಂದರು, ನಗದೆ. "ಇವತ್ತಿಗೂ ಕಚ್ಚುತ್ತವೆ."

ಬೇಕಾದ್ದನ್ನಷ್ಟೇ ಎರಡೆರಡು ಸಲ ಜಾಲಾಡಿ
ಹೊಸ ಡಿಸ್ಕಿಗೆ ಇಳಿಸಿದೆ.
ಹಳೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ
ಮಾರ್ಕರಿನಲ್ಲಿ ದಪ್ಪಗೆ ಬರೆದೆ: ಯಾವುದಕ್ಕೂ ಚುಚ್ಚಬೇಡಿ.
"ಅದು ಸತ್ತಿದೆಯಾ?"
ಗೊತ್ತಿಲ್ಲ ಎಂದೆ.
"ನಮಗೂ ಗೊತ್ತಾಗಲಿಲ್ಲ," ಎಂದು ಕವರನ್ನು ಟವಲಿನಲ್ಲಿ ಸುತ್ತಿಕೊಂಡರು.

ಬಿಲ್ಲು ಕೈಯಲ್ಲೇ ಬರೆದೆ, ಕಾರ್ಬನ್ನು ಇಟ್ಟು.
ನನ್ನ ಕಂಪ್ಯೂಟರಿನ ಸರದಿ ಇನ್ನೂ ಬಂದಿಲ್ಲ.