ಮೂವತ್ತು ಗುಂಟೆ

ಚಟ್ನಿಗೆ ತುರಿದು ಉಳಿದ ಕರಟ
ಕೊಗ್ಗಣ್ಣ ಗೋಣಿಯಲ್ಲಿ ಕಟ್ಟಿಡುತ್ತಾನೆ
ಮಾಟುಂಗದ ಹೋಟೆಲಿನ ಹಿಂಬಾಗಿಲಲ್ಲಿ.
‘ಒಲೆಗಾ ಅಕ್ಕ?’
ಒಲೆಗೇ. ಎಂಟುನೂರು ಡಿಗ್ರಿ,
ಗಾಳಿ ಸೋಕದ ನಳಿಗೆ,
ಜೊತೆಗೆ ಕ್ಷಾರ. ಅದು ಇದ್ದಿಲನ್ನು ಒಳಗೊಳಗೇ ಕೊರೆದು
ಕಣ್ಣಿಗೆ ಕಾಣದ ಕೋಣೆ ಮಾಡುತ್ತದೆ.

ತೊಳೆದು ತೊಳೆದು ಮೂರನೇ ದಿನ ತೂಗಿದೆ:
ಒಂದು ಗ್ರಾಂ.
ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ
ಮೂವತ್ತು ಗುಂಟೆ.
ನಾವು ನಾಲ್ವರು, ಡೊಂಬಿವಲಿಯಲ್ಲಿ,
ಹತ್ತಕ್ಕೆ ಹನ್ನೆರಡರಲ್ಲಿ ಕಾಲು ಮಡಚಿ ಮಲಗುತ್ತೇವೆ.

ಹೊಗೆಯ ಅನಿಲ ಬಂತು; ಗೋಡೆಗೊರಗಿ ಕೂತಿತು.
ಡಿಪಾಸಿಟ್ ಕೇಳಲಿಲ್ಲ ಯಾರೂ.
ನೂರು ಡಿಗ್ರಿ ಕಾಸಿದೆ, ಎದ್ದು ಹೋಯಿತು
ಹನ್ನೊಂದು ತಿಂಗಳ ಕರಾರು ಮುಗಿದವರ ಹಾಗೆ.
ಮತ್ತೆ ಖಾಲಿ.

ರಾತ್ರಿ ಲೋಕಲಿನಲ್ಲಿ ಒಂದೇ ಕಾಲಲ್ಲಿ ನಿಂತಿದ್ದೇನೆ.
ಉಗುರಿನ ಸಂದಿಯಲ್ಲಿ ಕಪ್ಪು,
ಎಷ್ಟು ಗುಂಟೆಯೋ.